ನರಗುಂದದ ಕೋಟೆಯು ಒಂದೇ ದಿನದಲ್ಲಿ ಬಿದ್ದುದೇಕೆ?

(ಬೆಳ್ಳಟ್ಟಿಯಲ್ಲಿ ಮಾಡಿದ ಭಾಷಣ)



ನಮ್ಮ ಈ ಭಾಗದಲ್ಲಿ ಇತಿಹಾಸದ ಮಾತು ಬಂದಾಗಲೆಲ್ಲ ಜನರು ಕೇಳುವ ಪ್ರಶ್ನೆಯೊಂದುಂಟು. 1785ರಲ್ಲಿ ಟೀಪೂ ಸುಲ್ತಾನನ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ ನರಗುಂದದ ಗುಡ್ಡದ ಕೋಟೆಯು 1858ರಲ್ಲಿ ಒಂದೇ ದಿನದಲ್ಲಿ ಆಂಗ್ಲರ ಕೈಸೇರಿದುದೇಕೆ? ಕೆಲವರು ದೈವವೆನ್ನುವರು, ಕೆಲವರು ಮನೆಮುರುಕರ ದ್ರೋಹವೆನ್ನುವರು. ವಕೀಲಿ ವೃತ್ತಿಯವರಾದ ನಾವು ಮೊದಲು ತಾರೀಖುಗಳನ್ನು ನೋಡುವೆವು.

ಸಂಸ್ಥಾನಿಕರಾದ ಬಾಬಾಸಾಹೇಬ ಭಾವೆಯವರಿಗೆ ಗಂಡು ಸಂತಾನವಿರಲಿಲ್ಲ. ದತ್ತಕಕ್ಕೆ ಸರಕಾರವು ಒಪ್ಪಲಿಲ್ಲ. ಮೇಲಾಗಿ ಆಯುಧಗಳನ್ನೊಪ್ಪಿಸಬೇಕೆಂಬ ಕಟ್ಟಳೆಯೂ ಬಂದಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನು ಹತನಾದನು. ಜೂನ್ 1ರಂದು ಮಾಲ್ಕಮ್ಮನ ದಂಡು ಬಂದಾಗ ನಮ್ಮವರು ಬಯಲಲ್ಲಿ ಕಾದಿ ಸೋತರು. ಮರುದಿನ ಕೋಟೆಯನ್ನು ಕಾಯಲು ಜನರೇ ಉಳಿದಿರಲಿಲ್ಲ. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಆದುದರಿಂದ ಕೋಟೆಯ ಕಲ್ಲು ಸೋಲಲಿಲ್ಲ. 1785ರಲ್ಲಿ ಕೋಟೆಯೊಳಗೆ ಜನವಿತ್ತು, ಹೊರಗೆ ಪೇಶವೆಯ ದಂಡಿನ ಆಸರೆಯಿತ್ತು. ಆಗಲೂ ಕೊನೆಗೆ ಶರಣಾಗಬೇಕಾಯಿತು. 1858ರಲ್ಲಿ ಆಸರೆಗೆ ಬರುವವರು ಯಾರಿದ್ದರು? ದಿಲ್ಲಿಯು ಹಿಂದಿನ ಸಪ್ಟೆಂಬರಿನಲ್ಲಿಯೇ ಬಿದ್ದಿತ್ತು. ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ, ಸುರಪುರದವರು 1858ರ ಫೆಬ್ರುವರಿಯಲ್ಲಿ ಒಬ್ಬೊಬ್ಬರಾಗಿ ಎದ್ದು ಒಬ್ಬೊಬ್ಬರಾಗಿ ಅಡಗಿದರು. ಉಳಿದವರು ನಮ್ಮ ನೆರೆಯ ಮುಂಡರಗಿಯ ಭೀಮರಾಯರು. ಆದರೆ ಮಾಲ್ಕಮ್ಮನು ನರಗುಂದಕ್ಕೆ ಬಂದ ಜೂನ್ 1ರಂದೇ ಅವರೂ ಹಮ್ಮಿಗಿಯ ಕೆಂಚನಗೌಡರೂ ಕೊಪ್ಪಳದ ಕೋಟೆಯಲ್ಲಿ ಮಡಿದರು!

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಅಂದು ಮುಂಡರಗಿಯು ಮುಂಬಯಿ ಇಲಾಖೆಯಲ್ಲಿ, ಕೊಪ್ಪಳವು ನಿಜಾಮನ ಸೀಮೆಯಲ್ಲಿ, ಬಳ್ಳಾರಿಯು ಮದರಾಸು ಇಲಾಖೆಯಲ್ಲಿ, ಹಲಗಲಿಯು ಮುಧೋಳ ಸಂಸ್ಥಾನದಲ್ಲಿ ಇದ್ದವು. ಆದರೂ ಬಳ್ಳಾರಿಯಿಂದ ಹೊರಟ ಹ್ಯೂಜನ ದಂಡಿಗೆ ತುಂಗಭದ್ರೆಯಾಗಲಿ ನಿಜಾಮನ ಎಲ್ಲೆಯಾಗಲಿ ಅಡ್ಡಬರಲಿಲ್ಲ. ಆಳುವವರಿಗೆ ಈ ಗಡಿಗಳು ನಕಾಶೆಯ ಗೆರೆಗಳು. ಒಂದೇ ನುಡಿಯಾಡುವ ನಮಗೆ ಅವು ಗೋಡೆಗಳಾಗಿದ್ದವು.

1956ರ ನವೆಂಬರ್ 1ರಂದು ಆ ಗೋಡೆಗಳು ಬಿದ್ದವು. ನರಗುಂದ ಮುಂಡರಗಿಗಳು ಈಗ ಒಂದೇ ಜಿಲ್ಲೆಯ ತಾಲೂಕುಗಳು. ಕೊಪ್ಪಳವು ಪಕ್ಕದ ಜಿಲ್ಲೆ. ಉಪಾಧ್ಯಾಯ ಬಂಧುಗಳೇ, ಮಕ್ಕಳು ಈ ಪ್ರಶ್ನೆಯನ್ನು ಕೇಳಿದರೆ ದೈವದ ಮೇಲೆ ಹಾಕಿ ಸುಮ್ಮನಾಗಬೇಡಿರಿ. ಹಲಗೆಯ ಮೇಲೆ ನಕಾಶೆ ಬರೆಯಿರಿ, ಪ್ರತಿಯೊಂದು ಊರಿನ ಮುಂದೆ ಅದು ಎದ್ದ ತಾರೀಖನ್ನು ಗುರುತಿಸಿರಿ. ಉತ್ತರವನ್ನು ಅವರೇ ಹೇಳುವರು.