ಮೆರವಣಿಗೆಯ ಹಕ್ಕೂ ಹಾದಿಹೋಕರ ಹಕ್ಕೂ

(ಗೌರಿಬಿದನೂರು ತಾಲ್ಲೂಕಿನ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಹುಳುವಿನ ಔಷಧಿ ಇವುಗಳ ಮಾತು ಬಿಟ್ಟು ಈ ದಿವಸ ಬೇರೊಂದು ಸಂಗತಿಯನ್ನು ತಮ್ಮ ಮುಂದಿಡುತ್ತೇನೆ. ಸರ್ಕಾರದ ಸಂಬಳ ತಿನ್ನುವವನಿಗೆ ಚಳವಳಿಯ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಹಳ್ಳಿಯಿಂದ ಹಳ್ಳಿಗೆ ತಿರುಗುವ ನನಗೆ ಎದುರಾಗುವ ಪ್ರಶ್ನೆ ಇದು. ರಸ್ತೆಯಲ್ಲಿ ಕುಳಿತು ಕೂಗಿದರೆ ಮಾತ್ರ ನಮ್ಮ ಮಾತು ಮೇಲಿನವರ ಕಿವಿಗೆ ಬೀಳುತ್ತದೆ ಎನ್ನುತ್ತಾರೆ ಒಬ್ಬರು. ನಿಮ್ಮ ಕೂಗಾಟದಲ್ಲಿ ನನ್ನ ಹಾಲು ಒಡೆದುಹೋಯಿತಲ್ಲಪ್ಪಾ, ಅದನ್ನು ಯಾರು ಕೊಡುತ್ತಾರೆ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ರೈತರೇ. ಇಬ್ಬರ ಮಾತಿನಲ್ಲಿಯೂ ನಿಜವಿದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ವಿದುರಾಶ್ವತ್ಥಕ್ಕೆ ಹೋಗದವರು ಇಲ್ಲಿ ಯಾರಿದ್ದೀರಿ? ಮಕ್ಕಳಾಗಲೆಂದು ಹರಕೆ ಹೊತ್ತು ನಾಗರಕಲ್ಲು ನಿಲ್ಲಿಸಿ ಬರುತ್ತೀರಿ. ಅಲ್ಲಿಯ ಸ್ಮಾರಕದ ಮುಂದೆ ಎರಡು ನಿಮಿಷ ನಿಂತು ಬರುವವರು ಎಷ್ಟು ಮಂದಿಯೋ ನಾನು ಕೇಳುವುದಿಲ್ಲ.

1938ರ ಏಪ್ರಿಲ್ ತಿಂಗಳು. ಅದೇ ತಿಂಗಳ 11ರಂದು ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ಟಿ. ಸಿದ್ಧಲಿಂಗಯ್ಯನವರ ಮುಂದಾಳುತನದಲ್ಲಿ ರಾಷ್ಟ್ರಧ್ವಜ ಹಾರಿಸಿ ಸೆರೆಯಾಗಿದ್ದರು. ಆ ಗಾಳಿ ನಮ್ಮ ಕಡೆಗೂ ಬೀಸಿತು. ಆಗ ನಾವೆಲ್ಲ ಕೋಲಾರ ಜಿಲ್ಲೆಗೆ ಸೇರಿದವರು. ಸಭೆ ಕೂಡದು, ಭಾಷಣ ಕೂಡದು ಎಂದು ಜಿಲ್ಲೆಯ ಅಧಿಕಾರಿಗಳು ನಿಷೇಧಾಜ್ಞೆ ಹೊರಡಿಸಿದರು. ಕಾರಣವೇನು? ಶಾಂತಿಪಾಲನೆ. ಏಪ್ರಿಲ್ 25ನೆಯ ತಾರೀಖು ವಿದುರಾಶ್ವತ್ಥದಲ್ಲಿ ಜಾತ್ರೆಯ ಜನ ಸೇರಿತ್ತು. ಧ್ವಜಕ್ಕಾಗಿ ಬಂದವರು ಕೆಲವರು, ದೇವರಿಗಾಗಿ ಬಂದವರು ಹಲವರು. ತೋಪಿನಲ್ಲಿ ಸೇರಿದ್ದ ಆ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಹೆಚ್ಚು ಜನ ಸತ್ತರೆಂಬುದು ಈ ಸೀಮೆಯ ಲೆಕ್ಕ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ.

ಇದಿಷ್ಟು ತಮಗೆ ಗೊತ್ತಿರುವ ಕಥೆ. ಆಮೇಲೆ ಏನಾಯಿತೆಂಬುದನ್ನು ಗಮನವಿಟ್ಟು ಕೇಳಬೇಕು. ಗಾಂಧೀಜಿಯವರು ವಲ್ಲಭಭಾಯಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಮೈಸೂರಿಗೆ ಕಳುಹಿಸಿದರು. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಯಿತು. ಮೇ ತಿಂಗಳಲ್ಲಿ ಒಪ್ಪಂದವಾಯಿತು. ಮೈಸೂರು ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಸರ್ಕಾರ ಒಪ್ಪಿತು. ನೋಡಿ, ಏಪ್ರಿಲ್‌ನಲ್ಲಿ ಅಪರಾಧವಾಗಿದ್ದುದು ಮೇ ತಿಂಗಳಲ್ಲಿ ಅಪರಾಧವಾಗಲಿಲ್ಲ. ಎರಡು ಬಟ್ಟೆಗಳು ಅಕ್ಕಪಕ್ಕದಲ್ಲಿ ಹಾರಾಡಿದರೆ ಯಾವ ರಾಜ್ಯವೂ ಮುಳುಗುವುದಿಲ್ಲ ಎಂಬುದು ಒಂದು ತಿಂಗಳು ಮೊದಲೇ ಹೊಳೆದಿದ್ದರೆ ಅಷ್ಟು ಮನೆಗಳ ದೀಪ ಆರುತ್ತಿರಲಿಲ್ಲ.

ಕೆರೆಯ ಕೆಳಗೆ ಸಾಗುವಳಿ ಮಾಡಿದ ಮನೆತನದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಕೆರೆಗೆ ಏರಿ ಬೇಕು. ಏರಿ ಇಲ್ಲದಿದ್ದರೆ ಊರೇ ಕೊಚ್ಚಿಹೋಗುತ್ತದೆ. ಆದರೆ ಏರಿ ಕಟ್ಟಿದ ಹಿರಿಯರು ಜೊತೆಯಲ್ಲಿ ಕೋಡಿಯನ್ನೂ ಇಟ್ಟರು. ಹೆಚ್ಚಿದ ನೀರು ಕೋಡಿಯಲ್ಲಿ ಹರಿದು ಕೆಳಗಿನ ಕೆರೆ ಸೇರುತ್ತದೆ. ನೀರು ಪೋಲಾಗುತ್ತದೆಂದು ಕೋಡಿಗೆ ಕಲ್ಲು ಜಡಿದವನು ಏರಿಯನ್ನೇ ಕಳೆದುಕೊಳ್ಳುತ್ತಾನೆ. ಹಾಗೆಂದು ತನ್ನ ಹೊಲಕ್ಕೆ ಹತ್ತಿರವೆಂದು ಕಂಡಕಂಡಲ್ಲಿ ಏರಿ ಅಗೆಯುವವನನ್ನು ಯಾರು ತಾನೇ ಒಪ್ಪುತ್ತಾರೆ?

ಈಗ ಹತ್ತಿರದ ಕಾಲಕ್ಕೆ ಬರೋಣ. 2016ರ ಮಾರ್ಚ್ ತಿಂಗಳ ಆರಂಭದಲ್ಲಿ ಶಾಶ್ವತ ನೀರಾವರಿ ಬೇಕೆಂದು ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ರೈತರು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟರು. ತಮ್ಮಲ್ಲಿಯೂ ಕೆಲವರು ಹೋಗಿರಬಹುದು. ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯನವರ ವರದಿಯನ್ನು ಜಾರಿಗೆ ತರಬೇಕೆಂಬುದು ಬೇಡಿಕೆ. ಬಳ್ಳಾರಿ ರಸ್ತೆಯಲ್ಲಿ ಪೊಲೀಸರು ತಡೆದರು. ಲಾಠಿಯೂ ಬೀಸಿತು. ವಿಮಾನ ನಿಲ್ದಾಣದ ಹಾದಿಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತವು. ವಿಮಾನ ತಪ್ಪಿಸಿಕೊಂಡವರು, ಕೆಲಸಕ್ಕೆ ತಡವಾದವರು ರೈತರನ್ನು ಬೈದುಕೊಂಡರು.

ಆ ಪಟ್ಟಣಿಗರ ತೊಂದರೆ ಸುಳ್ಳಲ್ಲ. ಆದರೆ ತೊಂದರೆಯನ್ನು ತಕ್ಕಡಿಯಲ್ಲಿ ತೂಗುವುದಾದರೆ ಎರಡು ತಟ್ಟೆಯಲ್ಲಿಯೂ ಕಲ್ಲಿಡಬೇಕು. ಸಾವಿರ ಅಡಿ ಕೊರೆದರೂ ಕೊಳವೆ ಬಾವಿಯಲ್ಲಿ ಬರೀ ದೂಳು. ಸಿಕ್ಕ ನೀರಿನಲ್ಲಿ ಫ್ಲೋರೈಡು. ಹಲ್ಲು ಕಂದುಗಟ್ಟಿದ ಮಕ್ಕಳು, ಮೂಳೆ ಬಿಗಿದ ಮುದುಕರು. ಉತ್ತರ ಪಿನಾಕಿನಿಯಲ್ಲಿ ನೀರಿಗಿಂತ ಮರಳಿನ ಲಾರಿಗಳ ಗುರುತನ್ನೇ ಹೆಚ್ಚಾಗಿ ಕಂಡ ಪೀಳಿಗೆ ನಮ್ಮದು. ಪಟ್ಟಣದವರಿಗೆ ಆದದ್ದು ಒಂದು ದಿವಸದ ಅನಾನುಕೂಲ. ನಮ್ಮದು ಹತ್ತಾರು ವರ್ಷಗಳದು. ದಿನವೂ ಬೆಳಗಾದರೆ ನಮ್ಮ ಹಾಲು, ಸೊಪ್ಪು, ಟೊಮೆಟೊ ಅದೇ ರಸ್ತೆಯಲ್ಲಿ ಪಟ್ಟಣಕ್ಕೆ ಹೋಗುತ್ತದೆ. ಆಗ ಯಾರೂ ತಡೆಯುವುದಿಲ್ಲ.

ಆಮೇಲೆ 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬಂತು. ನಮ್ಮ ಜಿಲ್ಲೆಗೆ ಎಚ್.ಎನ್. ವ್ಯಾಲಿಯ ನೀರು. (ಆ ಹೆಸರು ಕೇಳಿದರೆ ನಮ್ಮ ಹೊಸೂರಿನ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಅವರೂ 1942ರಲ್ಲಿ ಓದು ಬಿಟ್ಟು ಸೆರೆಮನೆ ಕಂಡವರೇ. ಆದರೆ ಇದು ಹೆಬ್ಬಾಳ-ನಾಗವಾರ.) ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಇವೆಲ್ಲ ಚಳವಳಿಯೊಂದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಸುಮ್ಮನೆ ಕುಳಿತಿದ್ದರೂ ಆಗುತ್ತಿತ್ತೆಂದು ಹೇಳುವ ಧೈರ್ಯವೂ ನನಗಿಲ್ಲ. ಬಂದ ನೀರನ್ನು ಇನ್ನೂ ಚೆನ್ನಾಗಿ ಶುದ್ಧಮಾಡಬೇಕೆಂಬ ಕೂಗೂ ಇದೆ. ಅದಕ್ಕೂ ದನಿ ಎತ್ತಬೇಕಾದವರು ನಾವೇ.

ಕಾನೂನು ಏನು ಹೇಳುತ್ತದೆ? ಸಂವಿಧಾನದ 19ನೆಯ ವಿಧಿ ಆಯುಧವಿಲ್ಲದೆ ಶಾಂತವಾಗಿ ಸೇರುವ ಹಕ್ಕನ್ನು ಕೊಟ್ಟಿದೆ. ಸಾರ್ವಜನಿಕ ಶಾಂತಿಗಾಗಿ ನ್ಯಾಯವಾದ ಕಟ್ಟುಪಾಡು ಹಾಕುವ ಅಧಿಕಾರವನ್ನು ಸರ್ಕಾರಕ್ಕೂ ಕೊಟ್ಟಿದೆ. ರಸ್ತೆಯಲ್ಲಿ ಸಭೆಯೇ ಕೂಡದೆಂದು ಪೂರ್ತಿ ತಡೆಯುವ ಹಾಗಿಲ್ಲ, ಕ್ರಮಪಡಿಸಬಹುದು ಎಂದು ಸುಪ್ರೀಂ ಕೋರ್ಟು 1972ರಲ್ಲಿ ಹೇಳಿತು. ಸಾರ್ವಜನಿಕ ರಸ್ತೆಯನ್ನು ಲೆಕ್ಕವಿಲ್ಲದಷ್ಟು ದಿನ ಹಿಡಿದು ಕೂರುವಂತಿಲ್ಲವೆಂದು 2020ರ ಅಕ್ಟೋಬರಿನಲ್ಲಿ ದೆಹಲಿಯ ಶಾಹೀನ್‌ಬಾಗ್ ಮೊಕದ್ದಮೆಯಲ್ಲಿ ಅದೇ ಕೋರ್ಟು ಹೇಳಿತು. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ 144ನೆಯ ಕಲಮಿನ ಆಜ್ಞೆ ಕಾನೂನಿಗೆ ಸರಿಯಲ್ಲವೆಂದು ನಮ್ಮ ಹೈಕೋರ್ಟು 2020ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಆ ಕಲಮು 163 ಆಗಿದೆ.

2021ರ ಆಜ್ಞೆಯೊಂದು ಬೆಂಗಳೂರು ನಗರದ ಪ್ರತಿಭಟನೆಗಳಿಗೆ ಸ್ವಾತಂತ್ರ್ಯ ಉದ್ಯಾನವನ್ನು ಗೊತ್ತುಮಾಡಿತು. ಅದು ಹಿಂದೆ ಸೆಂಟ್ರಲ್ ಜೈಲಾಗಿದ್ದ ಜಾಗ! ವಾಹನಗಳಿಗೇನೋ ಅನುಕೂಲ. ಆದರೆ ಕೋಡಿಯನ್ನು ನೀರು ಏರದ ದಿಬ್ಬದ ಮೇಲೆ ಕಟ್ಟಿದಂತಾಯಿತೆಂದು ನನಗೆ ತೋರುತ್ತದೆ. ಯಾರ ಕಣ್ಣಿಗೂ ಬೀಳದ ಕಡೆ ಕೂಗಿದರೆ ಅದು ಕೂಗಿದಂತೆ ಆಗುವುದಿಲ್ಲ.

ಇನ್ನು ನಮ್ಮ ಪಾಲಿನ ಕೆಲಸ. ಹೊರಡುವ ಮೊದಲು ಪೊಲೀಸ್ ಠಾಣೆಗೂ ತಹಸೀಲ್ದಾರರಿಗೂ ಅರ್ಜಿ ಕೊಡಿ. ದಿನ, ಹೊತ್ತು, ದಾರಿ, ಅಂದಾಜು ಜನ, ಜವಾಬ್ದಾರಿ ಹೊತ್ತವರ ಹೆಸರು ಇರಲಿ. ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಅನುಮತಿ ಇಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿಗೆ ಒಪ್ಪಿ ಹಿಂದಿರುಗಬೇಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನವನ್ನು ಬಿಡಿ, ಸಂತೆಯ ದಿನವನ್ನೂ ಬಿಡಿ. ರಸ್ತೆಯ ಅರ್ಧ ಭಾಗ ಹಾದಿಹೋಕರಿಗಿರಲಿ. ತೋಳಿಗೆ ಪಟ್ಟಿ ಕಟ್ಟಿದ ನಾಲ್ಕಾರು ಹುಡುಗರನ್ನು ಮುಂದೊಬ್ಬ ಹಿಂದೊಬ್ಬರಂತೆ ನಿಲ್ಲಿಸಿ. 108 ಗಾಡಿಯ ಸದ್ದು ಕೇಳಿದೊಡನೆ ಘೋಷಣೆ ನಿಲ್ಲಿಸಿ ದಾರಿ ಬಿಡುವುದು ಅವರ ಹೊಣೆ. ಹಾಲಿನ ವ್ಯಾನು ಬಂದರೂ ಅಷ್ಟೇ.

ಟೈರು ಸುಡಬೇಡಿ. ಬಸ್ಸಿಗೆ ಕಲ್ಲು ಬಿದ್ದರೆ ಮರುದಿನ ಪತ್ರಿಕೆಯಲ್ಲಿ ಆ ಕಲ್ಲಿನ ಸುದ್ದಿಯೇ ಬರುತ್ತದೆ, ನೀರಿನ ಸುದ್ದಿ ಬರುವುದಿಲ್ಲ. ಆ ಕಲ್ಲೆಸೆದವನು ನಮ್ಮೂರವನಲ್ಲ ಎಂದು ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಗುಂಪಿನಲ್ಲಿ ಗುರುತಿಲ್ಲದ ಮುಖ ಕಂಡರೆ ಯಾವ ಊರಪ್ಪಾ ಎಂದು ವಿಚಾರಿಸಿ. ಟ್ರ್ಯಾಕ್ಟರಿನಲ್ಲಿ ಹೋಗುವುದಾದರೆ ಟ್ರೈಲರಿಗೆ ಕೆಂಪು ದೀಪ ಹಾಕಿಸಿ, ಎಳೆಯ ಮಕ್ಕಳನ್ನು ಅದರಲ್ಲಿ ಕೂರಿಸಬೇಡಿ, ಕತ್ತಲಾಗುವುದರೊಳಗೆ ಊರು ಸೇರುವಂತೆ ಹೊತ್ತು ನೋಡಿ ಹಿಂದಿರುಗಿರಿ.