ಊರು ಬದಲಿಸಿದ ಹೊಗೆ
(ಮಂಗಳೂರಿನ ಬಲ್ಮಠದಲ್ಲಿ ನಡೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹಂಪನಕಟ್ಟೆಯಿಂದ ಬಲ್ಮಠದ ಏರು ಹತ್ತುವಾಗ ಮುಂದಿನ ವಾಹನದ ಹೊಗೆ ಕುಡಿದವರಿಗೆ ವಿದ್ಯುತ್ ಕಾರು ವರವೆಂದೇ ತೋರುತ್ತದೆ. ಅದರಲ್ಲಿ ಸತ್ಯಾಂಶವಿದೆ. ಪೇಟೆಯ ಗಾಳಿ ತಿಳಿಯಾಗುತ್ತದೆ. ತಯಾರಿಕೆಯಿಂದ ಗುಜರಿಯವರೆಗಿನ ಲೆಕ್ಕದಲ್ಲಿಯೂ ಅದರ ಇಂಗಾಲ ಪೆಟ್ರೋಲ್ ಕಾರಿನದಕ್ಕಿಂತ ಸಾಮಾನ್ಯವಾಗಿ ಕಡಿಮೆ. ನನ್ನ ತಕರಾರಿರುವುದು ‘ಹೊಗೆರಹಿತ’ ಎಂಬ ವಿಶೇಷಣದ ಬಗ್ಗೆ. ಹೊಗೆಯ ಒಂದು ಪಾಲು ಊರು ಬದಲಿಸಿದೆ.

ಎಲ್ಲಿಗೆ ಹೋಯಿತೆಂದು ತಿಳಿಯಲು ದೂರ ಹೋಗಬೇಕಿಲ್ಲ. ಪಡುಬಿದ್ರಿಯ ಸಮೀಪದ ಎಲ್ಲೂರಿನಲ್ಲಿ 1200 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವಿದೆ. ಹೊರದೇಶದ ಕಲ್ಲಿದ್ದಲು ಪಣಂಬೂರು ಬಂದರಿನಲ್ಲಿಳಿದು ರೈಲಿನಲ್ಲಿ ಅಲ್ಲಿಗೆ ಸಾಗುತ್ತದೆ. ಹಾರುಬೂದಿ ಮತ್ತು ಉಪ್ಪುನೀರಿನಿಂದ ಬೆಳೆ, ಬಾವಿಗಳು ಕೆಟ್ಟವೆಂದು ಸುತ್ತಲಿನ ಕೃಷಿಕರು ವರ್ಷಗಟ್ಟಲೆ ದೂರಿದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ತೆರುವಂತೆ ಸ್ಥಾವರಕ್ಕೆ ಆದೇಶಿಸಿತು.

ನಮ್ಮ ರಾಜ್ಯದ ವಿದ್ಯುತ್ತೆಲ್ಲ ಕಲ್ಲಿದ್ದಲಿನದಲ್ಲ, ನಿಜ. ಪಾವಗಡದ ಸೌರಸ್ಥಾವರವೊಂದೇ 2050 ಮೆಗಾವಾಟ್‌ನದು. ಆದರೆ ಕಾರುಗಳು ಮನೆ ಸೇರಿ ಚಾರ್ಜಿಗೆ ನಿಲ್ಲುವುದು ಬಹುಮಟ್ಟಿಗೆ ಸೂರ್ಯ ಮುಳುಗಿದ ಮೇಲೆ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕಾಪಿಡಬೇಕೆಂಬ ವಾದವನ್ನು ಹಿಡಿದುಕೊಂಡೇ ಶರಾವತಿ ಕಣಿವೆಗೆ ಭೂಗತ ವಿದ್ಯುದಾಗಾರದ ಯೋಜನೆ ಬಂದಿದೆ. ಗೇರುಸೊಪ್ಪದ ನೀರನ್ನು ತಳಕಳಲೆಗೆ ಎತ್ತಿ, ಬೇಡಿಕೆಯ ಹೊತ್ತಿಗೆ ಇಳಿಸಿ 2000 ಮೆಗಾವಾಟ್ ಪಡೆಯುವುದು ಅದರ ಲೆಕ್ಕಾಚಾರ. ಎತ್ತಲು ವ್ಯಯವಾಗುವ ವಿದ್ಯುತ್ತು ಇಳಿಸುವಾಗ ದೊರೆಯುವುದಕ್ಕಿಂತ ಹೆಚ್ಚೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದು ಸಿಂಗಳೀಕಗಳ ಅಭಯಾರಣ್ಯ. ನೆತ್ತಿಯಿಂದ ನೆತ್ತಿಗೆ ದಾಟಿ ಬದುಕುವ ಆ ಪ್ರಾಣಿಗೆ ಕಾಡಿನ ನಡುವಿನ ಒಂದು ಅಗಲ ರಸ್ತೆಯೂ ಗಡಿಯೇ. 1964ರ ಲಿಂಗನಮಕ್ಕಿಯಿಂದ ಮನೆಮಠ ಮುಳುಗಿದವರ ಮಕ್ಕಳು ಭೂಮಿಯ ಹಕ್ಕಿಗಾಗಿ ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ. ಕಾರಿಗಾಗಿಯೇ ಈ ಯೋಜನೆಯೆಂದು ನಾನು ಹೇಳುತ್ತಿಲ್ಲ. ರಾತ್ರಿಯ ಬೇಡಿಕೆಗೆ ಕಾರುಗಳು ಸೇರಿದಷ್ಟೂ ಇಂಥ ವಾದಗಳಿಗೆ ಬಲ ಬರುತ್ತದೆ.

ಇನ್ನು ಬ್ಯಾಟರಿ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ‘ರೇವಾ’ ಸೀಸದ ಬ್ಯಾಟರಿ ಹೊತ್ತಿತ್ತು. ಒಮ್ಮೆ ತುಂಬಿದರೆ ಸುಮಾರು 80 ಕಿ.ಮೀ. ಜನ ನಕ್ಕರು. ಆದರೂ ಪೇಟೆಯೊಳಗೆ ಓಡಾಡಿದರೆ ಸಾಕೆಂಬ ವಿನಯ ಆ ಪುಟ್ಟ ಕಾರಿಗಿತ್ತು. ಇಂದಿನವುಗಳಿಗೆ ಶಿರಾಡಿ ಹತ್ತಿ ಬೆಂಗಳೂರು ಮುಟ್ಟುವ ಹಂಬಲ. ಲಿಥಿಯಂ ಬ್ಯಾಟರಿಯೇ ಕೆಲವು ನೂರು ಕಿಲೋ ತೂಗುತ್ತದೆ. ತೂಕ ಹೆಚ್ಚಿದಂತೆ ಟಯರು ಬೇಗ ಸವೆಯುತ್ತದೆ, ಆ ಪುಡಿ ಮಳೆಗೆ ತೊಳೆದು ತೋಡು ಸೇರುತ್ತದೆ. ಲಿಥಿಯಂ ತೆಗೆಯುವ ಚಿಲಿಯ ಮರುಭೂಮಿಯಲ್ಲಿ ಬತ್ತುವ ನೀರು, ಕೋಬಾಲ್ಟ್ ಅಗೆಯುವ ಕಾಂಗೋದ ಮಕ್ಕಳು, ಇವೆಲ್ಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹೈಬ್ರಿಡ್ ಕಾರಿನದಂತೂ ಎರಡು ದೋಣಿಯ ಪಯಣ: ಎಂಜಿನ್ನೂ ಬೇಕು, ಬ್ಯಾಟರಿಯೂ ಬೇಕು, ಪೆಟ್ರೋಲಂತೂ ಬೇಕೇ ಬೇಕು.

ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕತ್ತಲಲ್ಲಿರುವ ನಮ್ಮ ಘಟ್ಟದ ಊರುಗಳಲ್ಲಿ ಚಾರ್ಜಿಂಗಿನ ಗತಿಯೇನೆಂದು ಬಿಡಿಸಿ ಹೇಳಬೇಕಿಲ್ಲ.

30 ಯೂನಿಟ್ ಹಿಡಿಸುವ ಒಂದು ಕಾರಿನ ಬ್ಯಾಟರಿಯಲ್ಲಿ, 3 ಯೂನಿಟ್‌ನಂತೆ, ಹತ್ತು ಸ್ಕೂಟರುಗಳು ಓಡಬಲ್ಲವು. ಇಲ್ಲಿಂದ ಕಂಕನಾಡಿಗೆ ಒಬ್ಬರೇ ಕುಳಿತು ಹೋಗುವ ಕಾರು ವಿದ್ಯುತ್ತಿನದಾದರೂ ರಸ್ತೆಯನ್ನು ಅಷ್ಟೇ ತಿನ್ನುತ್ತದೆ. ಸಾರ್ವಜನಿಕರ ಹಣದಿಂದ ರಿಯಾಯಿತಿ ಕೊಡುವುದೇ ಆದರೆ ಅದು ಮೊದಲು ಸಿಟಿ ಬಸ್ಸಿಗೆ ಸಲ್ಲಲಿ ಎಂದು ನಾವು ಕೇಳಬೇಕಾಗಿದೆ.

ಶರಾವತಿ ಕಣಿವೆಯ ನಕ್ಷೆಯನ್ನು ತಂದು ಮೇಜಿನ ಮೇಲಿಟ್ಟಿದ್ದೇನೆ. ದಯವಿಟ್ಟು ನೋಡಿ, ಪ್ರಶ್ನೆಗಳಿದ್ದರೆ ಕೇಳಿ.