ಆವಣಿ ಬೆಟ್ಟದ ಸೀತೆ, ನಮ್ಮ ಅಕ್ಕತಂಗಿಯರು
(ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಕೋಲಾರ, ಮಾಲೂರು, ಶ್ರೀನಿವಾಸಪುರದಿಂದ ಬಂದ ನಿಮಗೆಲ್ಲ ಮುಳಬಾಗಿಲು ತಾಲ್ಲೂಕಿನ ಆವಣಿ ಗೊತ್ತು. ದನಗಳ ಜಾತ್ರೆಗೆ ಹೆಸರಾದ ಊರು. ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನ ನಾಲ್ವರ ಹೆಸರಲ್ಲೂ ಈಶ್ವರನ ಗುಡಿಗಳಿವೆ. ಸೀತೆಯ ಗುಡಿ ಮಾತ್ರ ಮೇಲೆ, ಬೆಟ್ಟದಲ್ಲಿ. ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಅಂತ ಜನ ಹೇಳ್ತಾರೆ. ಅದು ಚರಿತ್ರೆಯಲ್ಲ, ಸ್ಥಳಪುರಾಣ. ಆದರೆ ಪುರಾಣವೂ ಕೆಲಸ ಮಾಡುತ್ತದೆ. ಯಾರ ಪರ ಮಾಡುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಬಸುರಿ ಹೆಂಗಸನ್ನು ಕಾಡಿಗೆ ಅಟ್ಟಿದ್ದು ಯಾರು? ಅಗಸನ ಮಾತಿಂದ ಹಾಗಾಯ್ತು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಅಗಸನೇ ಇಲ್ಲ. ಊರ ಜನ ಆಡಿಕೊಂಡರು ಅಂತಷ್ಟೇ ಇದೆ. ಅಗಸ ಬಂದದ್ದು ಆಮೇಲಿನ ಕತೆಗಳಲ್ಲಿ. ತೀರ್ಮಾನ ಅರಮನೆಯದು, ಅಪವಾದ ಬಟ್ಟೆ ಒಗೆಯುವವನ ತಲೆಗೆ! ಅದೇ ಉತ್ತರಕಾಂಡದಲ್ಲಿ, ತಪಸ್ಸು ಮಾಡಿದ ಅಂತ ಶೂದ್ರ ಶಂಬೂಕನ ತಲೆ ಉರುಳುತ್ತದೆ. ಹೆಣ್ಣನ್ನು ಅಟ್ಟಿದ ಧರ್ಮ, ಶಂಬೂಕನನ್ನು ಕೊಂದ ಧರ್ಮ ಬೇರೆಬೇರೆಯಲ್ಲ.

ಆದರೆ ಸೀತೆ ಬರೀ ಅಳುವವಳಲ್ಲ. ಗಂಡನ ಆಸರೆಯಿಲ್ಲದೆ ಇಬ್ಬರು ಮಕ್ಕಳನ್ನು ಸಾಕಿದಳು. ತುಂಬಿದ ಸಭೆಯಲ್ಲಿ ಮತ್ತೊಮ್ಮೆ ಶುದ್ಧಿ ತೋರಿಸು ಅಂದಾಗ ರಾಜನ ಪಕ್ಕಕ್ಕೆ ಹೋಗದೆ ಭೂಮಿತಾಯಿಯನ್ನು ಕರೆದಳು. ಪುರಾಣಿಕರು ಅದನ್ನು ಪಾತಿವ್ರತ್ಯ ಅಂತಾರೆ. ನಾವು ಒಲ್ಲೆ ಎಂಬ ಮಾತು ಅಂತೀವಿ. ಆದರೂ ಅವಳಿಗೆ ಉಳಿದದ್ದು ಮಣ್ಣೊಳಗೆ ಹೋಗುವ ದಾರಿ ಒಂದೇ. ನಮ್ಮ ಅಕ್ಕತಂಗಿಯರಿಗೆ ಬೇಕಾದದ್ದು ಮಣ್ಣಿನ ಮೇಲೆ ಬಾಳುವ ಹಕ್ಕು.

ಬಾಬಾಸಾಹೇಬರ ಮುಂದಾಳತ್ವದಲ್ಲಿ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಹೆಣ್ಣಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ ಮುಂದಕ್ಕೆ ಹೋಗದೆ ನಿಂತದ್ದು 1951ರಲ್ಲಿ ಅವರು ಮಂತ್ರಿಗಿರಿ ಬಿಡಲು ಒಂದು ಮುಖ್ಯ ಕಾರಣ. 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು.

ಕೇರಿಯಲ್ಲಿ ಏನಾಗ್ತಿದೆ? ಎರಡು ಎಕರೆ ದರಖಾಸ್ತು ಜಮೀನು ಭಾಗ ಆಗುವಾಗ ಅಕ್ಕನ ಕೈಗೆ ಅರಿಶಿನ ಕುಂಕುಮ, ಒಂದು ಸೀರೆ ಇಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ತಾರೆ. ಊರವರು ಏನಂತಾರೋ ಅಂತ ಓದೋ ತಂಗಿಯನ್ನು ಹಾಸ್ಟೆಲಿಂದ ಬಿಡಿಸ್ತಾರೆ. ಊರ ಮಾತಿಗೆ ಹೆದರಿದ ಆ ರಾಜನಿಗೂ ಈ ಅಣ್ಣನಿಗೂ ಏನು ವ್ಯತ್ಯಾಸ? ಮನುಸ್ಮೃತಿ ಪುಸ್ತಕದಲ್ಲಷ್ಟೇ ಇಲ್ಲ, ನಮ್ಮ ಗುಡಿಸಲಿನ ಸೂರಲ್ಲೂ ಸಿಕ್ಕಿಸಿದೆ. ಅದನ್ನು ಕಿತ್ತು ಸುಡಬೇಕಾದವರು ನಾವೇ.

ರಜಕ್ಕೆ ಊರಿಗೆ ಹೋಗ್ತೀರಿ. ಭಾಗದ ಮಾತು ಬಂದರೆ ಅಕ್ಕನ ಹೆಸರೂ ಪಹಣಿಗೆ ಏರಲಿ ಅಂತ ಗಟ್ಟಿಯಾಗಿ ಹೇಳಿ. ತಂಗಿಯ ಓದು ನಿಲ್ಲಿಸುವ ಮಾತು ಬಂದರೆ ಅಡ್ಡ ನಿಲ್ಲಿ. ತಂಗಿಯರೆ, ಯಾರೇ ಕಾಗದ ಚಾಚಿದರೂ ಓದದೆ ಸಹಿ ಹಾಕಬೇಡಿ.

ಜೈ ಭೀಮ್.